ಡೆಸ್ಮಂಡನ ತೂಬು ಪಾಠ

"ಇವತ್ತು ಈ ಕಾಲುವೇಲಿ ಒಂದೇ ಒಂದು ತಪ್ಪು ನಡೀಕೂಡದು. ನಡೆಯೋಕೆ ನಾನು ಬಿಡೋದೂ ಇಲ್ಲ!"

ಮೇ ತಿಂಗಳ ಮೊದಲ ಭಾನುವಾರ ಬೆಳಗ್ಗೆ, ತನ್ನ ದೋಣಿಯ ಹಿಂತುದಿಯಲ್ಲಿ ನಿಂತು, ಚಹಾ ಲೋಟವನ್ನು ರಾಜದಂಡದಂತೆ ಎತ್ತಿ ಹಿಡಿದು ಡೆಸ್ಮಂಡ್ ಪಾಸ್ಕ್ ಹೀಗೆಂದು ಘೋಷಿಸಿದ. ಕೇಳಿಸಿಕೊಂಡವರು ಎರಡು ಬಾತುಕೋಳಿ ಮತ್ತು ಒಬ್ಬಳು ಹೆಂಡತಿ. ಬಾತುಕೋಳಿಗಳಾದರೂ ಕತ್ತೆತ್ತಿ ನೋಡಿದವು.

"ನಡೆದ್ರೆ?" ಎಂದು ಒಳಗಿನಿಂದಲೇ ಗ್ಲೆನಿಸ್ ಕೇಳಿದಳು.

"ಮಾಡಿದವನ ಮಾನ ಹರಾಜು ಹಾಕ್ತೀನಿ!"

"ಸರಿ. ಮೊದ್ಲು ಪಾಯಿಖಾನೆ ಡಬ್ಬಿ ಖಾಲಿ ಮಾಡ್ಕೊಂಡು ಬಾ. ನಿನ್ನೆಯಿಂದ ತುಂಬಿ ಕೂತಿದೆ."

ರಾಜಾಧಿರಾಜ ಡೆಸ್ಮಂಡ್ ಡಬ್ಬಿ ಎತ್ತಿಕೊಂಡು ಹೊರಟ.

ಅವನ ಆತಂಕಕ್ಕೆ ಕಾರಣವಿತ್ತು. ನಲವತ್ತು ವರ್ಷ ಸ್ಟಾಫರ್ಡ್‌ಷೈರಿನ ಒಂದು ಪುಟ್ಟ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ ಇಟ್ಟಿದ್ದವನು ಅವನು. ಮೊಳೆಯನ್ನು ತೂಗುವ ಮೊದಲೇ ಗಿರಾಕಿಯನ್ನು ತೂಗುತ್ತಿದ್ದ. ಹೋದ ವರ್ಷ ಅಂಗಡಿ ಮಾರಿ, ಮನೆಯನ್ನು ಬಾಡಿಗೆಗೆ ಕೊಟ್ಟು, ವಾಸಕ್ಕೆಂದೇ ಈ ದೋಣಿ ಕೊಂಡ. ಹೆಂಡತಿ ಒಪ್ಪಲಿ ಎಂದು ದೋಣಿಗೆ ಅತ್ತೆಯ ಹೆಸರನ್ನೇ ಇಟ್ಟ: ಬೆರಿಲ್! ಗ್ಲೆನಿಸ್ ಹೆಸರಿಗೆಲ್ಲ ಬಗ್ಗುವವಳಲ್ಲ. "ಒಂದು ವರ್ಷ ಇದ್ದು ನೋಡ್ತೀನಿ. ಆಮೇಲೆ ಇರೋದಾ ಬಿಡೋದಾ ಅಂತ ನಾನು ಹೇಳಿದ್ದೇ ಕೊನೇ ಮಾತು" ಎಂದಿದ್ದಳು. ಆ ವರ್ಷ ಇವತ್ತಿಗೆ ಮುಗಿಯುತ್ತಿತ್ತು. ಮಧ್ಯಾಹ್ನ ಅವಳ ಅಕ್ಕ ಮೆರಿಯಲ್ ಊಟಕ್ಕೆ ಬರುತ್ತಿದ್ದಳು; ಅಕ್ಕನ ಎದುರಿಗೇ ತೀರ್ಪು. ಗ್ಲೆನಿಸ್ "ಒಲ್ಲೆ" ಎಂದರೆ ಬೆರಿಲ್ ಮಾರಾಟಕ್ಕೆ; ಡೆಸ್ಮಂಡ್ ಮತ್ತೆ ಸ್ಟೇಷನ್ ರಸ್ತೆಯ ಮನೆಗೆ, ಎದುರುಮನೆಯ ಇಟ್ಟಿಗೆ ಗೋಡೆಯ ದರ್ಶನಕ್ಕೆ.

ಇಲ್ಲಿ ಬೆಳಗ್ಗೆ ಕಿಟಕಿ ತೆಗೆದರೆ ಮೂಗಿನ ಮಟ್ಟಕ್ಕೇ ನೀರು, ನೀರಿನ ಮೇಲೆ ಮಂಜು, ಮಂಜಿನೊಳಗಿನಿಂದ ಬರುವ ನೀರುಕೋಳಿಯ ಕೂಗು. ಇದನ್ನು ಬಿಟ್ಟು ಹೋಗಬೇಕೆಂದು ನೆನೆದರೇ ಅವನಿಗೆ ಸಂಕಟವಾಗುತ್ತಿತ್ತು. ಹಾಗೆಂದು ಹೆಂಡತಿಯ ಮುಂದೆ ಬಾಯಿಬಿಡುವ ಜಾತಿಯಲ್ಲ ಅವನದು. ಸಂಕಟವಾದಾಗಲೆಲ್ಲ ಅವನು ಯಾರನ್ನಾದರೂ ಹಿಡಿದು ಗದರುತ್ತಿದ್ದ.

ದೋಣಿವಾಸ ಹೂವಿನ ಹಾಸಿಗೆ ಎಂದು ಯಾರೂ ಹೇಳುವುದಿಲ್ಲ. ಬೆರಿಲ್ ಉದ್ದ ಐವತ್ತೇಳು ಅಡಿ, ಅಗಲ ಏಳಡಿಗೂ ಕಡಿಮೆ. ಒಂದು ಓಣಿಗೆ ಸೂರು ಹಾಕಿ ಮನೆ ಎಂದಂತೆ! ಗಂಡ ಹೆಂಡತಿ ಎದುರಾದರೆ ಒಬ್ಬರು ಹಿಮ್ಮುಖ ನಡೆಯಬೇಕು. ಜಗಳವಾಡಿ ಮುನಿಸಿಕೊಂಡು ಇನ್ನೊಂದು ಕೋಣೆಗೆ ಹೋಗೋಣವೆಂದರೆ, ಯಾರ ಮೇಲೆ ಮುನಿಸೋ ಅವರನ್ನೇ ಉಜ್ಜಿಕೊಂಡು ದಾಟಬೇಕು. ಚಳಿಗಾಲದಲ್ಲಿ ಗೋಡೆಗಳು ಬೆವರುತ್ತವೆ. ಯಾವನಾದರೂ ಪಕ್ಕದಲ್ಲಿ ಜೋರಾಗಿ ದೋಣಿ ಓಡಿಸಿದರೆ ಬಟ್ಟಲಲ್ಲಿದ್ದ ಸೂಪು ಎದ್ದು ಬಂದು ಮಡಿಲಲ್ಲಿ ಕೂರುತ್ತದೆ.

ಗ್ಲೆನಿಸ್ ವರ್ಷವಿಡೀ ಇದಾವುದರ ಬಗ್ಗೆಯೂ ತುಟಿ ಬಿಚ್ಚಲಿಲ್ಲ. ಡೆಸ್ಮಂಡನೇ ತೀರ್ಮಾನಿಸಿಕೊಂಡ: ಅವಳ ಬೇಸರಕ್ಕೆಲ್ಲ ಕಾರಣ ಪರರ ಅಶಿಸ್ತು! ಅಂದಿನಿಂದ ಅವನ ದಂಡಯಾತ್ರೆ ಶುರು. ಹಾದುಹೋಗುವ ದೋಣಿಗಳಿಗೆ "ನಿಧಾನ!" ಎಂಬ ಗರ್ಜನೆ. ಪಕ್ಕದ ದೋಣಿಯ ಥೆಲ್ಮಾ ಮುದುಕಿ ರಾತ್ರಿ ಎಂಟು ದಾಟಿ ಐದು ನಿಮಿಷ ಎಂಜಿನ್ ಓಡಿಸಿದರೆ ದಡದಲ್ಲಿ ನಿಂತು ಕೈಗಡಿಯಾರಕ್ಕೆ ಬೆರಳು ತೋರಿಸುವುದು. ಆಚೆಯ ದೋಣಿಯ ರಾಡ್ನಿ ನಲ್ಲಿಯ ಹತ್ತಿರ ನೀರು ಹಿಡಿಯುತ್ತ ಬಟ್ಟೆಯನ್ನೂ ಒಗೆಯತೊಡಗಿದರೆ ಸರತಿಯ ನೀತಿಯ ಮೇಲೆ ಭಾಷಣ. ದೋಣಿಯನ್ನು ದಡಕ್ಕೆ ಕಟ್ಟಿದ ಅವನ ಹಗ್ಗಗಳು ಸಡಿಲವಾಗಿವೆ ಎಂದೂ ಒಂದು ಭಾಷಣ: "ನನ್ನ ಹಗ್ಗ ನೋಡು, ವೀಣೆ ತಂತಿ ಹಾಗೆ ಬಿಗಿದಿದ್ದೀನಿ!" ನೀರು ತಡೆದು ನಿಲ್ಲಿಸುವ ಎರಡು ಲಾಕ್‌ಗಳ ನಡುವಿನ ಆ ಇನ್ನೂರು ಗಜದ ನೀರಿನಲ್ಲಿ ಕಟ್ಟಿದ್ದ ಒಂಬತ್ತು ದೋಣಿಗಳಲ್ಲಿ ಅವನಿಂದ ಬೈಸಿಕೊಳ್ಳದೆ ಉಳಿದದ್ದು ಅವನದೊಂದೇ. ವರ್ಷವಿಡೀ ಬೆರಿಲ್ ಒಳಗೆ ಚಹಾಕ್ಕೆಂದು ಒಂದು ನರಪಿಳ್ಳೆಯೂ ಕಾಲಿಟ್ಟಿರಲಿಲ್ಲ. ಇದನ್ನು ಅವನು ಗೌರವ ಎಂದು ತಿಳಿದಿದ್ದ.

ಹನ್ನೊಂದು ಗಂಟೆಗೆ ಒಳಗೆ ಕುರಿಯ ತೊಡೆ ಘಮಘಮಿಸುತ್ತಿತ್ತು. ಆಗ ಬಂತು ಒಂದು ಬಾಡಿಗೆ ದೋಣಿ! ಚುಕ್ಕಾಣಿ ಹಿಡಿದವನ ತಲೆಯ ಮೇಲೆ ಹಡಗಿನ ಕಪ್ತಾನನ ಟೋಪಿ, ಮುಂತುದಿಯಲ್ಲಿ ಹೆಂಡತಿ, ಚಾವಣಿಯ ಮೇಲೆ ಇಬ್ಬರು ಹೆಣ್ಣುಮಕ್ಕಳು. ಅಲೆ ಎದ್ದಿತು. ಬೆರಿಲ್ ಓಲಾಡಿದಳು. ಒಳಗೆ ಏನೋ ಠಣಾರ್ ಎಂದಿತು.

"ಗ್ಲೆನಿಸ್, ಏನಾಯ್ತು?"

"ಏನಿಲ್ಲ, ಸೌಟು ಬಿತ್ತು. ಹೋಗ್ಲಿ ಬಿಡು!"

ಬಿಡುವುದೇ? ಇವತ್ತೇ? ಡೆಸ್ಮಂಡ್ ದಡಕ್ಕೆ ಹಾರಿದ. ಕಾಲುವೆಯಲ್ಲಿ ದೋಣಿ ನಡೆಸುವವನಿಗಿಂತ ಅವನನ್ನು ಬೈಯುತ್ತ ದಡದಲ್ಲಿ ನಡೆಯುವವನೇ ಬೇಗ ಮುಟ್ಟುತ್ತಾನೆ. ಹೀಗಾಗಿ ಕೆಳಗಿನ ಲಾಕ್ ಹತ್ತಿರ ಅವನೇ ಮೊದಲು ಹೋಗಿ ಸೊಂಟದ ಮೇಲೆ ಕೈಯಿಟ್ಟು ಕಾದ.

"ಎಷ್ಟು ವರ್ಷದಿಂದ ದೋಣಿ ನಡೆಸ್ತಿದ್ದೀರಿ, ಕಪ್ತಾನ್ರೇ?"

"ನಿನ್ನೆ ಮಧ್ಯಾಹ್ನದಿಂದ" ಎಂದ ಕಪ್ತಾನ ಬೆದರಿ.

ಸರಿ, ಪಾಠ ಆರಂಭವಾಯಿತು. ಲಾಕ್ ಎಂದರೆ ದೋಣಿಯನ್ನು ಮೇಲಿನ ನೀರಿನಿಂದ ಕೆಳಗಿನ ನೀರಿಗೆ ಇಳಿಸುವ ಕಲ್ಲಿನ ತೊಟ್ಟಿ. ಮೇಲಕ್ಕೊಂದು ಬಾಗಿಲು, ಕೆಳಕ್ಕೊಂದು ಬಾಗಿಲು, ನೀರು ಬಿಡಲು ಕೆರೆಗಿರುವಂಥದೇ ತೂಬು. ತೂಬು ಎತ್ತಲು ಕಬ್ಬಿಣದ ಒಂದು ತಿರುಗಿಸುವ ಹಿಡಿ. ಪ್ರತಿ ದೋಣಿಯವರ ಸೊಂಟದಲ್ಲೂ ಒಂದಿರುತ್ತದೆ. ಡೆಸ್ಮಂಡನ ಹಿಡಿಯ ಮೇಲೆ ಕೆಂಪು ಬಣ್ಣದಲ್ಲಿ ಅವನ ಹೆಸರೂ ಇತ್ತು. ಅವನು ಬಾಗಿಲು ಹಾಕಿಸಿದ, ತೂಬು ಎತ್ತಿಸಿದ, ಇಳಿಸಿದ. ನೀರು ಇಳಿಯಿತು, ದೋಣಿ ಇಳಿಯಿತು, ಕೆಳಬಾಗಿಲು ತೆರೆಯಿತು. ಬಡಪಾಯಿ ಸಂಸಾರ ಬದುಕಿದೆವೆಂದು ಹೊರಬೀಳುತ್ತಿತ್ತು.

"ಬಾಗಿಲು ನಾನು ಹಾಕ್ತೀನಿ, ನೀವು ಹೊರಡಿ. ಆದ್ರೆ ಒಂದ್ನಿಮಿಷ! ಕಾಲುವೇಲಿ ಮಹಾಪಾಪ ಯಾವುದು ಗೊತ್ತಾ?"

"ಜೋರಾಗಿ ಹೋಗೋದಾ?"

"ಅದು ಬರೀ ಪಾಪ. ಮಹಾಪಾಪ ಅಂದ್ರೆ ಎತ್ತಿದ ತೂಬನ್ನ ಹಾಗೇ ಬಿಟ್ಟು ಹೋಗೋದು! ಹೀಗೆ, ನೋಡಿ!"

ಡೆಸ್ಮಂಡ್ ತನ್ನ ಟೋಪಿ ತೆಗೆದು ಪಕ್ಕಕ್ಕಿಟ್ಟು, ಮೇಲಿನ ತೂಬಿಗೆ ತನ್ನ ಹಿಡಿ ಸಿಕ್ಕಿಸಿ ಗರಗರ ತಿರುಗಿಸಿದ. ಮೇಲಿನ ನೀರು ಭೋರ್ಗರೆದು ತೊಟ್ಟಿಗೆ ನುಗ್ಗಿ, ತೆರೆದಿದ್ದ ಕೆಳಬಾಗಿಲಿನಿಂದ ಹೊರಗೆ ಧುಮುಕಿತು. "ನೋಡಿ! ಹೀಗೇ ಬಿಟ್ರೆ ಮೇಲಿನ ದೋಣಿಗಳ ಗತಿ ಏನು?"

ಚಾವಣಿಯ ಮೇಲಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಚಪ್ಪಾಳೆ! ಒಂದು ವರ್ಷ ಈ ಕಾಲುವೆಯನ್ನು ತಿದ್ದಿದವನಿಗೆ ಮೊದಲ ಸನ್ಮಾನ. ಡೆಸ್ಮಂಡ್ ನಡು ಬಗ್ಗಿಸಿ ವಂದಿಸಿದ. ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು.

"ಎಲ್ಲಿ ಹಾಳಾಗಿ ಹೋದೆ? ಮೆರಿಯಲ್ ಬಂದಿದ್ದಾಳೆ. ದೋಣಿ ಹತ್ತೋಕಾಗ್ದೆ ದಡದಲ್ಲೇ ನಿಂತಿದ್ದಾಳೆ!"

ಡೆಸ್ಮಂಡ್ ಎದ್ದೆನೋ ಬಿದ್ದೆನೋ ಎಂದು ಓಡಿದ.

ಮೆರಿಯಲ್ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಿಯಾದವಳು. ನಿವೃತ್ತಿಯಾದ ಸಂಗತಿ ಅವಳಿಗೆ ಇನ್ನೂ ತಿಳಿದಿರಲಿಲ್ಲ. ಬಿಳಿ ಲಂಗ ಉಟ್ಟು ಬಂದವಳು ಕೂರುವ ಮೊದಲು ಮಣೆಯನ್ನು ಬೆರಳಿನಿಂದ ಒರೆಸಿ ನೋಡಿದಳು. ಕುರಿಯ ತೊಡೆ ಮೇಜಿಗೆ ಬಂತು. ಆಲೂಗಡ್ಡೆ, ಬಟಾಣಿ, ಪುದೀನ ಚಟ್ನಿ, ಹಬೆಯಾಡುವ ಗ್ರೇವಿ. ಡೆಸ್ಮಂಡ್ ಸೌಟು ಹಿಡಿದು ಬಡಿಸುತ್ತ, ಈ ಕಾಲುವೆ ಎಷ್ಟು ಪ್ರಶಾಂತ, ಇಲ್ಲಿನ ಜನ ಎಷ್ಟು ಶಿಸ್ತುವಂತರು ಎಂದು ವರ್ಣಿಸಿದ. ಎರಡು ತುತ್ತು ಇಳಿದಿರಬೇಕು.

"ಡೆಸ್ಮಂಡ್" ಎಂದಳು ಮೆರಿಯಲ್, "ಈ ಬಟಾಣಿ ಎಲ್ಲಾ ನನ್ನ ಕಡೇನೇ ಯಾಕೆ ಬರ್ತಿವೆ?"

ಹೌದು, ಬಟಾಣಿಗಳು ಒಂದರ ಹಿಂದೊಂದು ಮೇಜಿನುದ್ದಕ್ಕೂ ಮೆರವಣಿಗೆ ಹೊರಟಿದ್ದವು.

"ನೀವು ಅತಿಥಿ ಅಲ್ವಾ, ಅವಕ್ಕೂ ಮರ್ಯಾದೆ ಗೊತ್ತು!"

"ಗ್ರೇವೀನೂ ಬರ್ತಿದೆ."

ಗ್ರೇವಿ ಬಂದೇ ಬಂತು. ಅಂಚು ದಾಟಿ ಬಿಳಿ ಲಂಗದ ಮೇಲೆ ನಕಾಶೆ ಬರೆಯಿತು. ಗೋಡೆಯ ಮೇಲಿದ್ದ ಅತ್ತೆಯ ಫೋಟೋ ಗೋಡೆ ಬಿಟ್ಟು ಗಾಳಿಯಲ್ಲಿ ನಿಂತಿತು. ಬೀರುವಿನ ಬಾಗಿಲು ತೆರೆದು ತಟ್ಟೆಗಳು ಒಂದೊಂದಾಗಿ ಹೊರಬಂದು ಪ್ರಾಣ ಬಿಟ್ಟವು. ಎಡಗಿಟಕಿಯಲ್ಲಿ ಬರೀ ಆಕಾಶ, ಬಲಗಿಟಕಿಯಲ್ಲಿ ಬರೀ ಕೆಸರು!

"ಡೆಸ್, ನೀರೆಲ್ಲಿ?" ಎಂದಳು ಗ್ಲೆನಿಸ್, ಕುರಿಯ ತೊಡೆಯನ್ನು ಕೂಸಿನಂತೆ ಅವಚಿಕೊಂಡು.

ಡೆಸ್ಮಂಡ್ ಗುಡ್ಡ ಹತ್ತುವವನಂತೆ ತನ್ನ ಮನೆಯನ್ನೇ ಹತ್ತಿ ಹೊರಗೆ ಬಂದ. ಕಾಲುವೆಯೇ ಇರಲಿಲ್ಲ! ಕಪ್ಪು ಕೆಸರಿನ ಓಣಿ, ಅದರಲ್ಲಿ ಎರಡು ಸೈಕಲ್ಲು, ಒಂದು ಕುರ್ಚಿ, ತಬ್ಬಿಬ್ಬಾದ ಒಂದು ಬಾತುಕೋಳಿ. ಉಳಿದ ಎಂಟು ದೋಣಿಗಳು ಸಡಿಲ ಹಗ್ಗದ ಪುಣ್ಯದಿಂದ ನೀರಿನೊಂದಿಗೇ ಇಳಿದು ಕೆಸರಿನಲ್ಲಿ ಎಮ್ಮೆಗಳಂತೆ ನೆಟ್ಟಗೆ ಕುಳಿತಿದ್ದವು. ವೀಣೆಯ ತಂತಿಗೆ ಬಿಗಿದಿದ್ದ ಬೆರಿಲ್ ಒಬ್ಬಳೇ ದಡದಿಂದ ಓರೆಯಾಗಿ ನೇತಾಡುತ್ತಿದ್ದಳು.

ದೋಣಿಗಳಿಂದ ತಲೆಗಳು ಹೊರಬಂದವು. "ಯಾರೋ ತೂಬು ಎತ್ತಿ ಹಂಗೇ ಬುಟ್ಟು ಹೋಗವ್ರೆ ಕಣಪ್ಪ" ಎಂದಳು ಥೆಲ್ಮಾ.

"ಯಾರೋ ಅಲ್ಲ!" ಡೆಸ್ಮಂಡ್ ಗುಡುಗಿದ. "ಆ ಬಾಡಿಗೆ ದೋಣಿಯವ್ರು! ಆ ಟೋಪಿ ಕಪ್ತಾನ! ಅಷ್ಟು ಬಿಡಿಸಿ ಹೇಳಿದ್ದೆ! ಬನ್ನಿ, ಕಣ್ಣಾರೆ ನೋಡ್ಬನ್ನಿ. ಇಂಥವ್ರನ್ನ ಕಾಲುವೆಗೇ ಬಿಡಬಾರ್ದು!"

ಮುಂದೆ ಡೆಸ್ಮಂಡ್, ಹಿಂದೆ ರಾಡ್ನಿ, ಅವನ ಹಿಂದೆ ಊರುಗೋಲು ಹಿಡಿದ ಥೆಲ್ಮಾ. ದಾರಿಯುದ್ದಕ್ಕೂ ಅಪರಾಧಿಗೆ ಯಾವ ಶಿಕ್ಷೆ ತಕ್ಕದ್ದು ಎಂದು ಅವನು ವಿವರಿಸುತ್ತಲೇ ಹೋದ. ಲಾಕ್ ಬಂತು. ಕೆಳಬಾಗಿಲು ಹಾರು ಹೊಡೆದಿತ್ತು. ಮೇಲಿನ ತೂಬು ಎತ್ತಿಯೇ ಇತ್ತು. ತೂಬಿನ ತುದಿಯಲ್ಲಿ ಹಿಡಿ ಇನ್ನೂ ಸಿಕ್ಕಿಕೊಂಡೇ ಇತ್ತು.

ರಾಡ್ನಿ ಬಗ್ಗಿ, ಒಂದನೇ ತರಗತಿಯ ಮಗುವಿನಂತೆ ಕೂಡಿಸಿ ಓದಿದ. "ಡೆ... ಸ್ಮಂ... ಡ್. ಅಕ್ಷರ ಭಾಳ ಮುದ್ದಾಗಿದೆ, ಪಾಸ್ಕ್ ಸಾಹೇಬ್ರೇ."

"ಯಾ... ಯಾರೋ ಕದ್ದಿರ್ಬೇಕು."

"ಕದ್ದವ್ನು ನಿನ್ ಟೋಪೀನೂ ಇಲ್ಲೇ ಮಡಗವ್ನೆ, ತಕೋ" ಎಂದು ಥೆಲ್ಮಾ ಊರುಗೋಲಿನ ತುದಿಯಲ್ಲಿ ಟೋಪಿ ಎತ್ತಿ ಕೊಟ್ಟಳು.

ಡೆಸ್ಮಂಡ್ ಟೋಪಿಯನ್ನೇ ನೋಡಿದ. ಹೇಳಿಬಿಟ್ಟ: "ಅವ್ರಿಗೆ ಪಾಠ ಹೇಳ್ಕೊಡ್ತಿದ್ದೆ."

"ಏನು ಪಾಠ?"

"ತೂಬು ಎತ್ತಿ ಮರೀಬಾರ್ದು ಅಂತ."

ರಾಡ್ನಿ ನಗಲಿಲ್ಲ. ಬಾಗಿಲಿನ ತೊಲೆಗೆ ಒರಗಿ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸಿದ. ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಆಮೇಲೆ ತೂಬು ಇಳಿಸಿ, ಬಾಗಿಲು ಹಾಕಿ, "ಮೇಲಿನ ಲಾಕಿಂದ ನಿಧಾನಕ್ಕೆ ನೀರು ಬಿಡ್ತೀನಿ. ಮೂರು ಗಂಟೆ ಹಿಡಿಯುತ್ತೆ. ನೀವು ಮಾತ್ರ ದಯವಿಟ್ಟು ಏನೂ ಮುಟ್ಬೇಡಿ" ಎಂದು ಹೊರಟ.

ಡೆಸ್ಮಂಡ್ ಲಾಕಿನ ಕಟ್ಟೆಯ ಮೇಲೆಯೇ ಕುಳಿತ. ಯಾವ ಮುಖ ಹೊತ್ತು ಮನೆಗೆ ಹೋಗುವುದು? ಮನೆಯಾದರೂ ಎಲ್ಲಿ, ಅದು ನೇತಾಡುತ್ತಿದೆ! ಒಡೆದ ತಟ್ಟೆ, ಗ್ರೇವಿ ಕುಡಿದ ಲಂಗ, ಮೆರಿಯಲ್ ಏರಿಸಿದ ಹುಬ್ಬು. ಗ್ಲೆನಿಸ್ ಏನು ಹೇಳಬಹುದು ಎಂಬುದರಲ್ಲಿ ಅನುಮಾನವೇ ಉಳಿದಿರಲಿಲ್ಲ. ಕೆಸರಿನ ಮೇಲೆ ನೀರು ತೆಳ್ಳಗೆ ಹರಡುತ್ತ ಬರುವುದನ್ನು ಅವನು ಬಹಳ ಹೊತ್ತು ನೋಡಿದ. ಗದರಲು ಈ ಸಲ ಯಾರೂ ಸಿಗಲಿಲ್ಲ.

ಕೊನೆಗೆ ಎದ್ದು ಬಂದರೆ ದಡದ ಮೇಲೆ ಜಾತ್ರೆ! ಓರೆ ದೋಣಿಯಲ್ಲಿ ಬಡಿಸಲಾಗದೆ ಗ್ಲೆನಿಸ್ ಕುರಿಯ ತೊಡೆಯನ್ನು ಹೊರಗೆ ತಂದಿದ್ದಳು. ಒಂದು ದೋಣಿಯವರು ಮೇಜು ತಂದಿದ್ದರು, ಇನ್ನೊಂದರವರು ಕುರ್ಚಿ, ಮತ್ತೊಬ್ಬರು ರೊಟ್ಟಿ, ಬೆಣ್ಣೆ. ಥೆಲ್ಮಾ ಮನೆಯಲ್ಲೇ ಇಳಿಸಿದ ಕಾಡುಹಣ್ಣಿನ ವೈನ್ ಸುರಿಯುತ್ತಿದ್ದಳು. ಅವಳ ಎಣ್ಣೆ ಕಲೆಯಾದ ಮೇಲಂಗಿ ತೊಟ್ಟು ಕೆನ್ನೆ ಕೆಂಪಾಗಿ ಕುಳಿತು, ಮೂರನೆಯ ಲೋಟ ಚಾಚುತ್ತಿದ್ದವಳು ಸಾಕ್ಷಾತ್ ಮೆರಿಯಲ್. ಗ್ಲೆನಿಸ್ ನಗುತ್ತಿದ್ದಳು. ತಲೆ ಹಿಂದಕ್ಕೆಸೆದು, ಬಾಯ್ತುಂಬ. ಆ ನಗು ಅವನ ಕಿವಿಗೆ ಬಿದ್ದು ವರ್ಷವೇ ಆಗಿತ್ತು.

ಅವನನ್ನು ಕಂಡು ಎಲ್ಲರೂ ಅವನತ್ತ ತಿರುಗಿದರು.

"ಗ್ಲೆನಿಸ್" ಎಂದ, ಟೋಪಿ ಹಿಸುಕುತ್ತ. "ಗೊತ್ತಾಯ್ತು. ನಾಳೇನೇ ಮಾರಾಟಕ್ಕಿದೆ ಅಂತ ಬೋರ್ಡ್ ಹಾಕ್ತೀನಿ."

"ಯಾಕೆ? ನಾನೆಲ್ಲಿ ಹೋಗ್ತೀನಿ ಅಂದೆ?"

"ಅಂದ್ರೆ... ಆ ಡಬ್ಬಿ, ಆ ಬೆವರೋ ಗೋಡೆ..."

"ಗೋಡೆ ಬೆವರಿದ್ರೆ ಒರೆಸ್ಕೋಬಹುದು. ವರ್ಷದಿಂದ ನನ್ನ ಜೊತೆ ಎರಡು ಮಾತಾಡೋಕೆ ಒಂದು ಜೀವ ಬರ್ಲಿಲ್ವಲ್ಲ, ಅದಕ್ಕೇನು ಮಾಡ್ಲಿ? ನೀನು ಬಾಗ್ಲಲ್ಲೇ ಪೊಲೀಸ್ ಹಾಗೆ ನಿಂತಿರ್ತಿದ್ದೆ. ಇವತ್ತು ನೋಡು, ಒಂದೇ ಮಧ್ಯಾಹ್ನ ಎಂಟು ದೋಣಿಯವ್ರೂ ಬಂದ್ರು. ನಾನು ಇಲ್ಲೇ ಇರ್ತೀನಿ."

ಡೆಸ್ಮಂಡನ ಎದೆ ಉಬ್ಬಿತು. ವ್ಯಾಪಾರಿಯ ರಕ್ತ, ಸುಮ್ಮನಿರುತ್ತದೆಯೇ! "ಹಾಗಾದ್ರೆ ಎಲ್ಲಾ ನನ್ನಿಂದ್ಲೇ ಆದದ್ದು ಅನ್ನು!"

"ಹೂಂ, ಅದಕ್ಕೇ ನಿನ್ನ ವಿಷಯ ಬೇರೆ ಇಟ್ಟಿದ್ದೀವಿ."

"ನನ್ನ ವಿಷಯಾನಾ?"

"ನಾನಂತೂ ಇರ್ತೀನಿ. ನಿನ್ನನ್ನ ಇಲ್ಲಿ ಇಟ್ಕೊಳ್ಳೋದಾ ಬೇಡ್ವಾ ಅಂತ ದೋಣಿಗೊಂದು ಮತ ಹಾಕಿಸಿದ್ವಿ. ನಾಲ್ಕು ಇರ್ಲಿ ಅಂತು, ನಾಲ್ಕು ಬೇಡ ಅಂತು. ಮೆರಿಯಲ್ ಹೊರಗಿನವಳು ಅಂತ ಅವಳಿಗೆ ಮತ ಕೊಟ್ಟಿಲ್ಲ, ಅದು ನಿನ್ನ ಅದೃಷ್ಟ."

ಡೆಸ್ಮಂಡ್ ಬೆರಳು ಮಡಿಚಿದ. "ಅಲ್ಲಿಗೆ ಸಮ ಆಯ್ತಲ್ಲ! ಒಂಬತ್ತನೇ ಮತ ಯಾರದ್ದು?"

"ಬೆರಿಲ್‌ದು. ಅಂದ್ರೆ ನಂದು" ಎಂದಳು ಗ್ಲೆನಿಸ್, ಎಂಜಲು ತಟ್ಟೆಗಳ ಗೋಪುರವನ್ನು ಅವನ ಕೈಗಿಡುತ್ತ. "ಇನ್ನೂ ಯೋಚ್ನೆ ಮಾಡ್ತಿದ್ದೀನಿ. ಅಷ್ಟರಲ್ಲಿ ಇವನ್ನ ತೊಳ್ಕೊಂಡು ಬಾ."