ವಿದ್ಯಾರ್ಥಿ ಕ್ಷೇಮ ವಿಭಾಗದ ಕ್ಷೇಮ ಸಮಾಚಾರ

ಪರರ ಕ್ಷೇಮ ನೋಡಲೆಂದೇ ಸಂಬಳ ಕೊಟ್ಟು ಜನರನ್ನು ಕೂರಿಸಿದ ಕಡೆ ಇಂಥ ಪ್ರಸಂಗಗಳು ನಡೆಯದ ವಾರವೇ ಇರುವುದಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮೇಲೆ, ನಾನು ಪಾಠ ಮಾಡುತ್ತಿದ್ದ ದುಬೈನ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಮಾತು ಕಡಿಮೆಯಾಗಿತ್ತು. ನಾಲ್ಕು ಜನರ ನಡುವೆ ಇರಲಿ ಎಂದು ಶಾಲೆಯವರು ನನ್ನನ್ನು ಸಿಲಿಕಾನ್ ಓಯಸಿಸ್ ಬಡಾವಣೆಯ ಹತ್ತಿರದ ತಮ್ಮದೇ ಕಾಲೇಜಿಗೆ ಕಳಿಸಿದರು. ಅಲ್ಲಿನ ವಿದ್ಯಾರ್ಥಿ ಕ್ಷೇಮ ವಿಭಾಗಕ್ಕೆ ಉಡುಪಿ ಕಡೆಯ ಹುಡುಗಿಯೊಬ್ಬಳು, ಎಂ.ಎ. ಓದುತ್ತಲೇ, ತರಬೇತಿಗೆ ಸೇರಿದ್ದಳು. ಅವಳಿಗೆ ದಾರಿ ತೋರಿಸುವುದು ನನ್ನ ಕೆಲಸ. ಕೊನೆಗೆ ವಿಭಾಗದ ಮುಖ್ಯಸ್ಥರು ಒಪ್ಪಿದರೆ ನೌಕರಿ, ವೀಸಾ. ಇಲ್ಲವಾದರೆ ಖಲಾಸ್, ಮಂಗಳೂರಿನ ವಿಮಾನ.

ಕೇಳಿಸಿಕೊಳ್ಳುವ ಕಲೆ

ಸಲಹೆ ಕೊಡಬಾರದು, ಎದುರಿನವರ ಭಾವನೆಯನ್ನು ಅವರಿಗೇ ತಿರುಗಿ ಹೇಳಬೇಕು ಎಂದು ಆಪ್ತ ಸಮಾಲೋಚನೆಯ ಕೋರ್ಸಿನಲ್ಲಿ ಅವಳಿಗೆ ಕಲಿಸಿದ್ದರು. ಆಗಸ್ಟಿನಲ್ಲಿ ಹಾಸ್ಟೆಲಿನ ವಿದ್ಯಾರ್ಥಿನಿಯೊಬ್ಬಳು ಬೆವರೊರೆಸುತ್ತ ಬಂದು, ಕೋಣೆಯ ಎಸಿ ಕೆಟ್ಟಿದೆ ಎಂದಳು.

"ನಿಮಗೆ ಸೆಖೆ ಅಂತ ಅನಿಸ್ತಾ ಉಂಟು," ಎಂದಳು ನಮ್ಮ ಉಡುಪಿಯ ಹುಡುಗಿ, ಬಹಳ ಮೃದುವಾಗಿ.

"ನನಗೆ ಮಾತ್ರ ಅಲ್ಲ ಮಿಸ್, ಇಡೀ ದುಬೈಗೇ ಅನಿಸ್ತಾ ಉಂಟು. ರಿಪೇರಿಗೆ ಯಾರಿಗೆ ಹೇಳುವುದು?"

ವಿಶ್ರಾಂತಿಯ ಮಹತ್ವ

ಮುಖ್ಯಸ್ಥರು ಧಾರವಾಡದವರು. ಹೊಸಬರ ವ್ಯಕ್ತಿತ್ವ ಬೆಳೆಯಬೇಕೆಂಬ ಕಾಳಜಿ ವಿಪರೀತ. ವಿಶ್ರಾಂತಿ ಎಷ್ಟು ಮುಖ್ಯ ಎಂದು ತಿಳಿಸಲು ರಜೆಯ ಭಾನುವಾರ ಬೆಳಿಗ್ಗೆಯೇ ಕಾರ್ಯಾಗಾರ ಇಟ್ಟರು, ಹಾಜರಿ ಕಡ್ಡಾಯ. ನಮ್ಮವಳು ಆಕಳಿಸಿದ್ದನ್ನು ಕಂಡು, ನಿದ್ದೆ ಆಗಲಿಲ್ಲವೇ ಎಂದು ಕೇಳಿದರು. ನೀವು ಹೇಳಿದ ಸ್ಲೈಡುಗಳನ್ನು ಮಾಡಿ ಮುಗಿಸುವಾಗ ಬೆಳಗಾಯಿತು ಎಂದಳು.

"ಅದಕ್ಕ ನೋಡವಾ, ಈ ಕಾರ್ಯಾಗಾರ ನಿನಗ ಭಾಳ ಬೇಕಾಗಿತ್ತು."

ಕೊನೆಯ ಪರೀಕ್ಷೆ

ನಮ್ಮವಳು ಒಬ್ಬ ವಿದ್ಯಾರ್ಥಿಯೊಡನೆ ಮಾತಾಡುವುದನ್ನು ಮುಖ್ಯಸ್ಥರು ನನ್ನ ಜೊತೆ ಮೂಲೆಯಲ್ಲಿ ಕುಳಿತು ನೋಡಿ ತೀರ್ಮಾನಿಸಬೇಕಿತ್ತು. "ಟೀಚರ್, ಇವತ್ತು ತಪ್ಪಿದ್ರೆ ನಾನು ಊರಿಗೇ," ಎಂದಳು. ಕಲಿತದ್ದನ್ನೇ ಮಾಡು ಎಂದೆ. ಅವಳು ಕಲಿತದ್ದು, ಎದುರಿನವರ ಮೌನವನ್ನು ನಾವಾಗಿ ಮುರಿಯಬಾರದು ಎಂದು.

ಬಂದವಳು ಮೊದಲ ವರ್ಷದ ಮಂಗಳೂರಿನ ಹುಡುಗಿ. ಓದು ಬಿಟ್ಟು ಊರಿಗೆ ಹೋಗುತ್ತೇನೆ ಎಂದು ಹೇಳಿ ಸುಮ್ಮನಾದಳು. ನಮ್ಮವಳೂ ಸುಮ್ಮನಾದಳು. ಮನೆಯಲ್ಲಿ ಅಭ್ಯಾಸವಾಗಿರುವುದರಿಂದ ನಾನೂ ಸುಮ್ಮನಿದ್ದೆ.

ಮುಖ್ಯಸ್ಥರಿಗೆ ಸುಮ್ಮನಿರಲು ಆಗಲಿಲ್ಲ. ಕೆಮ್ಮಿದರು. ಕುರ್ಚಿ ಸರಿಸಿದರು. ಆಮೇಲೆ, ದುಬೈಗೆ ಬಂದ ಹೊಸದರಲ್ಲಿ ತಮಗೂ ಹೀಗೇ ಆಗಿತ್ತು ಎಂದು ಶುರುಮಾಡಿದವರು, ಈಗಲೂ ಆಗುತ್ತದೆ, ಕನ್ನಡದಲ್ಲಿ ಕರೆದರೆ ಮಗ ಇಂಗ್ಲಿಷಿನಲ್ಲಿ ಬಾಗಿಲು ಹಾಕಿಕೊಳ್ಳುತ್ತಾನೆ ಎನ್ನುವಲ್ಲಿಗೆ ಬಂದು ಕಣ್ಣೊರೆಸಿಕೊಂಡರು. ನಮ್ಮವಳು ಟಿಶ್ಯೂ ಡಬ್ಬಿ ಸರಿಸಿದಳು. ವಿದ್ಯಾರ್ಥಿನಿ ನೀರು ಕೊಟ್ಟಳು.

ಕೊನೆಗೆ ಅವರು ಎದ್ದು, ಈಗ ಮನಸ್ಸು ಹಗುರಾಯಿತೇನವಾ ಎಂದು ಆ ವಿದ್ಯಾರ್ಥಿನಿಯನ್ನೇ ಕೇಳಿದರು.

"ನಂದು ಇರ್ಲಿ ಸರ್. ನಾನು ಇನ್ನೊಂದು ಸೆಮಿಸ್ಟರ್ ನೋಡ್ತೇನೆ. ನಾನೂ ಹೋದ್ರೆ ನೀವು ಒಬ್ರೇ ಆಗ್ತೀರಿ."

ಹೊರಗೆ ಬಂದು ಮುಖ್ಯಸ್ಥರು ನನಗೆ ತೀರ್ಪು ಹೇಳಿದರು. "ಹುಡುಗಿ ಛಲೋ ಇದ್ದಾಳ್ರಿ ಟೀಚರ, ಕಾಯಂ ಮಾಡೋಣ. ಆದ್ರ ಒಂದು ಕೊರತೆ ಅದ. ಆ ವಿದ್ಯಾರ್ಥಿನಿಗೆ ಮಾತಾಡ್ಲಿಕ್ಕೆ ಅವಕಾಶಾನ ಕೊಡಲಿಲ್ಲ ನೋಡ್ರಿ."