ಮೊದಲ ಹೆಜ್ಜೆಗೆ ಯಾವ ಫಾರ್ಮ್ಯಾಟು?

ಅಟ್ಟದ ಮೇಲಿದ್ದ ಹದಿನಾಲ್ಕು ಕ್ಯಾಮ್‌ಕಾರ್ಡರ್ ಟೇಪುಗಳನ್ನು ಒಂದೇ ವಾರದಲ್ಲಿ ಕಂಪ್ಯೂಟರಿಗೆ ಇಳಿಸಿ, ಇನ್ನು ನೂರು ವರ್ಷ ಕೆಡದ ಹಾಗೆ ಮಾಡಿಬಿಡುತ್ತೇನೆ ಎಂದು ನಾನು ಊಟದ ಮೇಜಿನ ಮುಂದೆ ಘೋಷಿಸಿದಾಗ ಹೆಂಡತಿ ತಲೆ ಎತ್ತಲಿಲ್ಲ. ಮಗಳು ಎತ್ತಿದಳು, ಆದರೆ ಉಪ್ಪಿನ ಡಬ್ಬಿಗಾಗಿ. ಅಮ್ಮ ಮಾತ್ರ ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಅದ್ರಲ್ಲಿ ಅದೂ ಇರುತ್ತಲ್ವೇನೋ?" ಎಂದು ಕೇಳಿದಳು.

'ಅದು' ಎಂದರೆ ನಮ್ಮ ಮನೆಯಲ್ಲಿ ಒಂದೇ. ಮಗಳ ಮೊದಲ ಹೆಜ್ಜೆ.

ಮಗಳು ಮೊಟ್ಟಮೊದಲು ನಡೆದದ್ದು ನಮ್ಮ ಹಾಲಿನಲ್ಲಿ, ಕಿಟಕಿ ಪಕ್ಕದ ಕುರ್ಚಿಯಿಂದ ತನ್ನ ಮಡಿಲಿಗೆ ಎಂದು ಅಮ್ಮ ಹೇಳುತ್ತಾಳೆ. ಅಲ್ಲ, ತಮ್ಮ ಮನೆಯ ಮುಂಗೋಣೆಯಲ್ಲಿ, ಹೊಲಿಗೆ ಯಂತ್ರದಿಂದ ತಮ್ಮ ಮಡಿಲಿಗೆ ಎಂದು ಎರಡು ಬಸ್ ನಿಲ್ದಾಣದಾಚೆ ಇರುವ ಅತ್ತೆ ಹೇಳುತ್ತಾರೆ. ಅಮ್ಮನ ತಾರೀಖು ಮಾರ್ಚ್ ಹದಿನಾಲ್ಕು. ಅತ್ತೆಯದು ಹನ್ನೊಂದು. ಹಾಗಾದರೆ ಅತ್ತೆ ಗೆದ್ದರಲ್ಲ ಎಂದು ಅವಸರದ ತೀರ್ಪು ಕೊಡಬೇಡಿ. ಅಮ್ಮನ ಪ್ರಕಾರ ಹನ್ನೊಂದರಂದು ಆದದ್ದು ನಡಿಗೆಯೇ ಅಲ್ಲ, ಬೀಳುವುದಕ್ಕೆ ಪೂರ್ವಸಿದ್ಧತೆ. ಬೇರೆಲ್ಲ ವಿಷಯದಲ್ಲೂ ಹಾಲು ಸಕ್ಕರೆಯಂತಿರುವ ಈ ಇಬ್ಬರು ಬೀಗಿತ್ತಿಯರು ಎರಡು ವರ್ಷದ ಹಿಂದೆ ಇದೊಂದೇ ಮಾತಿಗೆ ಮುನಿಸಿಕೊಂಡು ಏಳು ತಿಂಗಳು ಫೋನಿನಲ್ಲೂ ಮಾತಾಡಿರಲಿಲ್ಲ. ಹೆಂಡತಿ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಅವಳು ಫಿಸಿಯೋಥೆರಪಿ ಮಾಡುವವಳು. ಆ ತಿಂಗಳಷ್ಟೇ ಕ್ಲಿನಿಕ್ ತೆರೆದಿದ್ದಳು. ಊರಿನವರನ್ನೆಲ್ಲ ನಡೆಸುತ್ತಿದ್ದವಳು ಮಗಳ ನಡಿಗೆ ನೋಡುವ ಹೊತ್ತಿಗೆ ಮಗಳು ಓಡುತ್ತಿದ್ದಳು. ಈ ವಿಷಯ ಬಂದಾಗಲೆಲ್ಲ ಅವಳು ಎದ್ದು ಪಾತ್ರೆ ತೊಳೆಯಲು ಹೋಗುತ್ತಾಳೆ.

ಒಂಬತ್ತನೇ ಟೇಪಿನ ಮೇಲೆ ನನ್ನದೇ ಅಕ್ಷರದಲ್ಲಿ 'ಮಾರ್ಚ್. ನಡಿಗೆ ಇರಬಹುದು' ಎಂದು ಬರೆದಿತ್ತು. ಮುಂದಿನ ಭಾನುವಾರ ಮಗಳಿಗೆ ಹದಿನಾರು ತುಂಬುತ್ತದೆ. ಇಬ್ಬರು ಅಜ್ಜಿಯರೂ ಇರುತ್ತಾರೆ. ಅಂದೇ ದೊಡ್ಡ ಪರದೆಯ ಮೇಲೆ ಸತ್ಯವನ್ನು ಬಿಡುಗಡೆ ಮಾಡುವುದೆಂದು ನಾನು ತೀರ್ಮಾನಿಸಿದೆ.

ನನ್ನ ಉದ್ಯೋಗ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಪರೀಕ್ಷಕ. ಅಂಗಡಿಗಳ ತಕ್ಕಡಿ ಸರಿಯಿದೆಯೇ, ಬಟ್ಟೆಯಂಗಡಿಯ ಮೀಟರ್ ಕೋಲು ಸವೆದಿದೆಯೇ ಎಂದು ನೋಡುವವನು. ಊರಿನ ತಕ್ಕಡಿಗಳೆಲ್ಲ ನನ್ನ ಮಾತು ಕೇಳುತ್ತವೆ. ಮನೆಯಲ್ಲಿ ಮಾತ್ರ ನನ್ನ ಮಾತಿಗೆ ತೂಕವಿಲ್ಲ. ಅಂಥವನ ಮುಂದೆ ಕಂಪ್ಯೂಟರ್ ಒಂದು ಪಟ್ಟಿ ಹರಡಿ, ನಿಮ್ಮ ವಿಡಿಯೋ ಯಾವ ಫಾರ್ಮ್ಯಾಟಿನಲ್ಲಿರಬೇಕು ಎಂದು ಕೇಳಿತು. ಎವಿಐ, ಎಂಪೆಗ್, ಎಂಪಿ ಫೋರ್, ಎಂಓವಿ, ಎಂಕೆವಿ... ಎಣಿಸಿದೆ. ಇಪ್ಪತ್ತೆರಡು! ಬೇರೆಯವರಾದರೆ ಮೊದಲನೆಯದನ್ನು ಒತ್ತಿ ಮಲಗುತ್ತಿದ್ದರು. ನನಗೆ ಕುತೂಹಲ ಹತ್ತಿಬಿಟ್ಟಿತು. ಇಪ್ಪತ್ತೆರಡು ಇವೆ ಎಂದರೆ ಇಪ್ಪತ್ತೆರಡಕ್ಕೂ ಒಂದೊಂದು ಕಾರಣ ಇರಬೇಕಲ್ಲ?

ನಮ್ಮ ಕಚೇರಿಯ ಕಂಪ್ಯೂಟರ್ ವಿಭಾಗದಲ್ಲಿ ಒಬ್ಬರಿದ್ದಾರೆ, ಎಲ್ಲರೂ ಪಿಕ್ಸೆಲ್ ಎಂದೇ ಕರೆಯುವುದು. ಸೋಮವಾರ ಅವರ ಮೇಜಿನ ಮುಂದೆ ಹೋಗಿ ಕುಳಿತೆ. ಈ ಹೆಸರುಗಳಲ್ಲಿ ಹೆಚ್ಚಿನವು ಬರೀ ಪೆಟ್ಟಿಗೆಯ ಹೆಸರು ಎಂದು ಅವರು ತಿಳಿಸಿದರು. ಪೆಟ್ಟಿಗೆ ಬೇರೆ, ಒಳಗೆ ಬಟ್ಟೆ ಮಡಿಚಿಟ್ಟ ರೀತಿ ಬೇರೆ. ಒಂದೇ ಬಗೆಯ ಪೆಟ್ಟಿಗೆಯಲ್ಲಿ ಒಬ್ಬ ಇಸ್ತ್ರಿ ಮಾಡಿ ಇಟ್ಟಿರಬಹುದು, ಇನ್ನೊಬ್ಬ ಮುದ್ದೆ ಮಾಡಿ ತುರುಕಿರಬಹುದು. ತೆಗೆಯುವವನಿಗೆ ಆ ಮಡಿಕೆ ಬಿಡಿಸಲು ಬರದಿದ್ದರೆ ಪೆಟ್ಟಿಗೆ ತೆರೆದರೂ ಏನೂ ಕಾಣದು, ಸದ್ದು ಮಾತ್ರ ಕೇಳಿಸೀತು. ಆಹಾ! ನಾನು ಮನೆಗೆ ಬಂದು ಬೀದಿಯ ಗೇಟನ್ನು ಒಂದು ನಿಮಿಷ ಚಿತ್ರೀಕರಿಸಿ, ಅದೇ ಗೇಟನ್ನು ಹನ್ನೊಂದು ರೀತಿಯಲ್ಲಿ ಮಡಿಚಿ ನೋಡಿದೆ. ಒಂದು ಗೇಟು ಇಡೀ ಡಿಸ್ಕನ್ನು ನುಂಗುವಷ್ಟು ದೊಡ್ಡದಾಯಿತು. ಇನ್ನೊಂದು ಅಂಚೆಚೀಟಿಯಷ್ಟು ಚಿಕ್ಕದಾಗಿ, ಅದರ ಸರಳುಗಳೆಲ್ಲ ಇಟ್ಟಿಗೆ ಇಟ್ಟಿಗೆಯಾದವು. ಹಳೆಯ ಕ್ಯಾಮೆರಾಗಳು ಚಿತ್ರವನ್ನು ಬಾಚಣಿಗೆಯಂತೆ ಒಂದು ಸಾಲು ಬಿಟ್ಟು ಒಂದು ಸಾಲು ತೆಗೆಯುತ್ತಿದ್ದವು, ಬಿಟ್ಟ ಸಾಲನ್ನು ಮರುಗಳಿಗೆಯಲ್ಲಿ ತುಂಬುತ್ತಿದ್ದವು ಎಂದು ತಿಳಿದಾಗ ನನಗೆ ಆದ ಸಂತೋಷವನ್ನು ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಸಿದ್ಧರಿರಲಿಲ್ಲ. ಹೆಂಡತಿ ಒಂಬತ್ತನೇ ಟೇಪು ಎಲ್ಲಿಗೆ ಬಂತು ಎಂದು ಕೇಳಿದಳು. ಬುನಾದಿ ಹಾಕುತ್ತಿದ್ದೇನೆ ಎಂದೆ.

ಬುಧವಾರ ಒಂಬತ್ತನೇ ಟೇಪಿಗೆ ಕೈ ಹಾಕಿದೆ. ಒಂದು ಕಣವೂ ನಷ್ಟವಾಗಬಾರದೆಂದು ಎಲ್ಲಕ್ಕಿಂತ ದೊಡ್ಡ ಫಾರ್ಮ್ಯಾಟನ್ನೇ ಆರಿಸಿದೆ. ನನ್ನ ಕಂಪ್ಯೂಟರಿನಲ್ಲಿ ಹನ್ನೊಂದು ಗೇಟುಗಳು ನಿಂತಿದ್ದರಿಂದ ಜಾಗವಿರಲಿಲ್ಲ. ಹೆಂಡತಿಯ ಲ್ಯಾಪ್‌ಟಾಪಿಗೆ ಇಳಿಸಿದೆ. ಒಂದು ಗಂಟೆ ಟೇಪು ಓಡಿತು. ನಾನು ಕಣ್ಣು ಮಿಟುಕಿಸದೆ ಪರದೆಯ ಕೆಳಗೆ, ಇಳಿದ ಚಿತ್ರಗಳನ್ನು ಎಣಿಸುತ್ತಿದ್ದ ಅಂಕಿಗಳನ್ನೇ ನೋಡುತ್ತ ಕುಳಿತಿದ್ದೆ. ಒಂದು ಅಂಕಿಯೂ ತಪ್ಪಲಿಲ್ಲ.

ಗುರುವಾರ ಬೆಳಿಗ್ಗೆ ಕ್ಲಿನಿಕ್‌ನಿಂದ ಫೋನು ಬಂತು. ರೋಗಿಗಳ ಪಟ್ಟಿ ತೆರೆಯುತ್ತಿಲ್ಲ. ಯಾರಿಗೆ ಯಾವ ಹೊತ್ತು ಎಂದು ತಿಳಿಯದೆ ಕುತ್ತಿಗೆ ನೋವಿನವರೆಲ್ಲ ಒಟ್ಟಿಗೆ ಬಂದು ಕುಳಿತಿದ್ದಾರೆ; ಒಬ್ಬರನ್ನೊಬ್ಬರು ತಿರುಗಿ ನೋಡಲೂ ಆಗುತ್ತಿಲ್ಲ.

"ನನ್ನ ಲ್ಯಾಪ್‌ಟಾಪಲ್ಲಿ ಏನ್ ತುಂಬಿದೀರಿ?" ಎಂದು ಕೇಳಿದಳು.

"ಮಾರ್ಚ್ ತಿಂಗಳು" ಎಂದೆ.

ಮಧ್ಯಾಹ್ನದೊಳಗೆ ಮಾರ್ಚ್ ಅಲ್ಲಿಂದ ಹೋಗಬೇಕು ಎಂದಳು. ಊಟದ ಬಿಡುವಿನಲ್ಲಿ ಕ್ಲಿನಿಕ್ಕಿಗೆ ಓಡಿದೆ. ಟೇಪು ಮನೆಯಲ್ಲಿ ಇದ್ದೇ ಇದೆ, ಬೇಕೆಂದಾಗ ಮತ್ತೆ ಇಳಿಸಬಹುದು. ಆದರೂ ಪರೀಕ್ಷಕನ ಬುದ್ಧಿ. ಇರಲಿ ಎಂದು ಎಂಪಿ ಫೋರ್ ಪೆಟ್ಟಿಗೆಯಲ್ಲಿ ಒಂದು ಸಣ್ಣ ಪ್ರತಿ ಮಾಡಿ, ಲ್ಯಾಪ್‌ಟಾಪಿಗೆ ಚುಚ್ಚಿದ್ದ ಪೆನ್‌ಡ್ರೈವಿಗೆ ಹಾಕಿ, ದೊಡ್ಡದನ್ನು ಅಳಿಸಿದೆ. ಅವಸರದಲ್ಲಿ ಅಗಲ ಪರದೆ ಎಂಬ ಆಯ್ಕೆಯನ್ನು ಒತ್ತಿಬಿಟ್ಟಿದ್ದೆ. ಇನ್ನೊಂದು ಅವಸರವೆಂದರೆ, ಆ ಪೆನ್‌ಡ್ರೈವ್ ಹೊರಗಿನ ಕೋಣೆಯ ಟಿವಿಯಲ್ಲಿ ಕಾಯುವವರಿಗೆ ವ್ಯಾಯಾಮ ತೋರಿಸುವ ಪೆನ್‌ಡ್ರೈವ್ ಎಂಬುದನ್ನು ಕೇಳಿ ತಿಳಿದುಕೊಳ್ಳಲೇ ಇಲ್ಲ.

ಸಂಜೆ ಸ್ವಾಗತದ ಮೇಜಿನಾಕೆ ಎಂದಿನಂತೆ ಅದನ್ನು ಟಿವಿಗೆ ಚುಚ್ಚಿದಳು. ಟಿವಿ ಹೊಸ ಫೈಲನ್ನೇ ಮೊದಲು ಹಿಡಿಯಿತು. ಅದೇ ಹೊತ್ತಿಗೆ ಅತ್ತೆ ಮೊಣಕಾಲಿನ ಚಿಕಿತ್ಸೆಗೆ ಬಂದು ಒಂಬತ್ತು ಜನರ ನಡುವೆ ಕುಳಿತಿದ್ದರು. ಪರದೆಯ ಮೇಲೆ ಹದಿನೈದು ವರ್ಷ ಕಿರಿಯ ಅತ್ತೆ ಕಾಣಿಸಿಕೊಂಡರು. ಆದರೆ ಸರಿಯಾಗಿ ಬಾಗಿಲಿನಷ್ಟು ಅಗಲ! ಚೌಕವಾಗಿದ್ದ ಹಳೆಯ ಚಿತ್ರವನ್ನು ನಾನು ಅಡ್ಡಕ್ಕೆ ಎಳೆದಿದ್ದೆನಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಮುದುಕರು, ಪಕ್ಕದಲ್ಲಿ ಕುಳಿತವರು ಯಾರೆಂದು ತಿರುಗಿ ನೋಡಲಾರದೆ, ಈ ಹೆಂಗಸಿಗೆ ಮೊಣಕಾಲು ನೋವು ಬರದೆ ಇನ್ನಾರಿಗೆ ಬರಬೇಕು ಎಂದು ಮರುಗಿದರಂತೆ. ಅತ್ತೆ ಎದ್ದರು, ಪೆನ್‌ಡ್ರೈವ್ ಕಿತ್ತು ಕೈಚೀಲಕ್ಕೆ ಹಾಕಿಕೊಂಡರು, ಬಸ್ಸು ಹತ್ತಿದರು.

ಅತ್ತ ಅದು ನಡೆಯುವಾಗ ಇತ್ತ ನಾನು ಟೇಪನ್ನು ಈ ಸಲ ಮಧ್ಯಮ ಫಾರ್ಮ್ಯಾಟಿನಲ್ಲಿ ಇಳಿಸಲು ಕುಳಿತಿದ್ದೆ. ಕ್ಯಾಮ್‌ಕಾರ್ಡರ್ ಒಮ್ಮೆ ಕೆಮ್ಮಿತು, ಆಮೇಲೆ ಏನನ್ನೋ ಅಗಿಯುವ ಸದ್ದು ಮಾಡಿತು. ಮುಚ್ಚಳ ತೆರೆದರೆ ಒಂಬತ್ತನೇ ಟೇಪು ಗುಂಗುರು ಕೂದಲಿನಂತೆ ಸುರುಳಿ ಸುರುಳಿಯಾಗಿ ಹೊರಬಂತು. ಎಳೆದೆ. ಎಳೆಯಬಾರದಿತ್ತು.

ಅಂದರೆ ಈಗ ಇಡೀ ಜಗತ್ತಿನಲ್ಲಿ ಮಗಳ ಮೊದಲ ಹೆಜ್ಜೆ ಉಳಿದಿದ್ದರೆ ಅದು ಒಂದೇ ಕಡೆ: ಅತ್ತೆಯ ಕೈಚೀಲದಲ್ಲಿ. ಹೆಂಡತಿಗೆ ವಿಷಯ ತಿಳಿಸಿದೆ. ಬಯ್ದಿದ್ದರೆ ಚೆನ್ನಾಗಿತ್ತು. ಅವಳು ಸುರುಳಿಯಾದ ಟೇಪನ್ನು ಸ್ವಲ್ಪ ಹೊತ್ತು ಬೆರಳಿಗೆ ಸುತ್ತಿ ನೋಡಿ, ಕೆಳಗಿಟ್ಟು, ಪಾತ್ರೆ ತೊಳೆಯಲು ಹೋದಳು. ತೊಳೆಯಲು ಪಾತ್ರೆಗಳೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅತ್ತೆಯ ಮನೆಗೆ ಹೋದೆ. ಮೂವತ್ತು ವರ್ಷ ಊರಿನವರಿಗೆ ಬಟ್ಟೆ ಹೊಲಿದವರು ಅವರು, ಇಂದಿಗೂ ಕತ್ತಿನಲ್ಲಿ ಅಳತೆ ಪಟ್ಟಿ. ಹೊಲಿಗೆ ಯಂತ್ರ ನಿಲ್ಲಿಸದೆಯೇ, "ನಿಮ್ಮ ಕೆಲಸ ಅಳತೆ ನೋಡೋದು ಅಲ್ವಾ?" ಎಂದು ಕೇಳಿದರು. ಹೌದೆಂದೆ. ತಮ್ಮ ಸೊಂಟದ ಅಳತೆ ತಮಗೆ ಗೊತ್ತು, ಅದು ಇಪ್ಪತ್ತು ವರ್ಷದಿಂದ ಬದಲಾಗಿಲ್ಲ, ಇಲಾಖೆಯವರಿಗೆ ಸಂಶಯವಿದ್ದರೆ ಪಟ್ಟಿ ಇಲ್ಲೇ ಇದೆ ಎಂದರು. ನಾನು ನೆಲ ನೋಡುತ್ತ ಚೌಕ, ಅಗಲ, ಎಳೆತ ಎಲ್ಲವನ್ನೂ ವಿವರಿಸಿದೆ. ಪಿಕ್ಸೆಲ್ ನನಗೆ ಅರ್ಧ ದಿನ ತಿಳಿಸಿದ್ದನ್ನು ಅವರು ಅರ್ಧ ನಿಮಿಷದಲ್ಲಿ ಹಿಡಿದರು.

"ಅಂದ್ರೆ ಬಟ್ಟೆ ಅಡ್ಡಕ್ಕೆ ಎಳೆದಿದೀರಿ, ಕತ್ತರಿಸಿಲ್ಲ. ಹಾಗಾದ್ರೆ ವಾಪಸ್ ಬರುತ್ತೆ ಬಿಡಿ."

ನಿಜಕ್ಕೂ ಅಷ್ಟೇ. ಪೆನ್‌ಡ್ರೈವ್ ಕೊಟ್ಟರು. ಮೊದಲು ತಮ್ಮ ಅಳತೆ ಸರಿಪಡಿಸಬೇಕು, ನಾಳೆ ಎಲ್ಲರ ಮುಂದೆಯೇ ಹಾಕಬೇಕು, ನಡುವೆ ಏನನ್ನೂ ಕತ್ತರಿಸಬಾರದು ಎಂದು ಷರತ್ತು ಹಾಕಿದರು. ನಾನು ಹೊರಡುವಾಗ ಮೆಲ್ಲಗೆ, ಅದರಲ್ಲಿ ನಡೆಯುವುದು ಇದೆಯಾ, ಯಾರ ಮನೆಯಲ್ಲಿ ಎಂದು ಕೇಳಿದರು. ಆಗಲೇ ನನಗೆ ಹೊಳೆದದ್ದು. ವಾರವಿಡೀ ಆ ಟೇಪಿನ ಜೊತೆ ಬದುಕಿದ ನಾನು ಅದರಲ್ಲಿ ಏನಿದೆ ಎಂದು ಒಂದು ನಿಮಿಷವೂ ನೋಡಿರಲಿಲ್ಲ.

ಭಾನುವಾರ ಎಲ್ಲರೂ ಟಿವಿಯ ಮುಂದೆ ಕುಳಿತರು. ಸೋಫಾದ ಎರಡು ತುದಿಗೆ ಇಬ್ಬರು ಅಜ್ಜಿಯರು, ನಡುವೆ ಮಗಳು. ಹೆಂಡತಿ ಕುರ್ಚಿಯ ಅಂಚಿನಲ್ಲಿ. ಇಳಿಸುವಾಗ ತಾರೀಖು ಮರೆಮಾಡಲು ನಾನು ಮರೆತಿದ್ದರಿಂದ ಪರದೆಯ ಮೂಲೆಯಲ್ಲಿ ಅದು ಕೂತೇ ಇತ್ತು: ಮಾರ್ಚ್ ಒಂಬತ್ತು. ಹನ್ನೊಂದೂ ಅಲ್ಲ, ಹದಿನಾಲ್ಕೂ ಅಲ್ಲ. ಅದು ಕ್ಲಿನಿಕ್ ತೆರೆದ ದಿನ. ಹೊಸ ಬಣ್ಣದ ಗೋಡೆ, ಸಾಲು ಕುರ್ಚಿ, ಬಂದು ಹೋಗುವ ಜನ. ಅತ್ತೆ ಸರಿಯಾದ ಅಗಲದಲ್ಲಿ ಬಂದು ಹೋದರು. ಸೋಫಾದ ತುದಿಯಿಂದ ಸಮಾಧಾನದ ಒಂದು ಉಸಿರು ಕೇಳಿಸಿತು. ಮೂವತ್ತೇಳು ನಿಮಿಷ ಕಳೆಯಿತು.

ಆಗ ಚಿತ್ರ ಒಮ್ಮೆ ತೂಗಾಡಿ ನೆಲಕ್ಕೆ ತಿರುಗಿತು. ನಾನು ಕ್ಯಾಮೆರಾ ನಿಲ್ಲಿಸಿದ್ದೇನೆ ಎಂದುಕೊಂಡು, ನಿಲ್ಲಿಸದೆ, ಎಡಗೈಯಲ್ಲಿ ಇಳಿಬಿಟ್ಟಿದ್ದೆ. ಪರದೆಯ ತುಂಬ ಕ್ಲಿನಿಕ್ಕಿನ ಹಸಿರು ನೆಲ, ನನ್ನ ಎರಡು ಬೂಟು, ರೋಗಿಗಳು ಹಿಡಿದು ನಡೆಯಲು ಕಲಿಯುವ ಜೋಡಿ ಕಂಬಿಗಳ ಬುಡ. ಹಾಳೆ ಮಗುಚುವ ಸದ್ದು. ಕ್ಯಾಮೆರಾದ ಕೈಪಿಡಿಯದು. ದೂರದಲ್ಲಿ ಅಮ್ಮ ಹೂದಾನಿ ಬಾಗಿಲ ಬಳಿ ಇರಲಿ ಎನ್ನುತ್ತಿದ್ದಳು, ಅತ್ತೆ ಮೇಜಿನ ಮೇಲಿರಲಿ ಎನ್ನುತ್ತಿದ್ದರು. ಒಳಕೋಣೆಯಲ್ಲಿ ಹೆಂಡತಿ ಯಾರಿಗೋ ಯಂತ್ರ ತೋರಿಸುತ್ತಿದ್ದಳು.

ಕಂಬಿಯ ಬುಡದಲ್ಲಿ ಎರಡು ಪುಟ್ಟ ಬರಿಗಾಲು ಕಾಣಿಸಿದವು. ಕಂಬಿ ಹಿಡಿದಿದ್ದ ಕೈ ಬಿಟ್ಟಿತು. ಒಂದು ಹೆಜ್ಜೆ. ನಿಂತಿತು. ಮತ್ತೊಂದು. ಮೂರು, ನಾಲ್ಕು, ಐದು. ಆರನೆಯದು ನನ್ನ ಬೂಟಿಗೆ ತಾಗಿತು. ಒಂದು ಪುಟ್ಟ ಕೈ ನನ್ನ ಪ್ಯಾಂಟು ಹಿಡಿದು ಜಗ್ಗಿತು. ಆಮೇಲೆ ಟಿವಿಯಿಂದ ನನ್ನದೇ ಧ್ವನಿ ಸ್ಪಷ್ಟವಾಗಿ ಕೇಳಿಸಿತು:

"ಯಾರಾದ್ರೂ ಈ ಮಗೂನ ಸ್ವಲ್ಪ ಎತ್ಕೊಳ್ಳಿ. ನಾನಿಲ್ಲಿ ಎಸ್‌ಪಿನಾ ಎಲ್‌ಪಿನಾ, ಯಾವ ಮೋಡಲ್ಲಿ ರೆಕಾರ್ಡ್ ಮಾಡ್ಬೇಕು ಅಂತ ನೋಡ್ತಿದೀನಿ."

ಯಾರದೋ ಎರಡು ಕೈ ಬಂದು ಮಗುವನ್ನು ಎತ್ತಿಕೊಂಡು ಹೋದವು. "ಹಾಂ, ಎಸ್‌ಪಿನೇ ಸರಿ, ಶುರು ಮಾಡ್ತೀನಿ" ಎಂದಿತು ನನ್ನ ಧ್ವನಿ. ಗುಂಡಿ ಒತ್ತಿದ ಸದ್ದು. ಅಲ್ಲಿಯವರೆಗೆ ಓಡುತ್ತಿದ್ದ ಕ್ಯಾಮೆರಾ ಅಲ್ಲಿಗೆ ನಿಂತಿತು. ಪರದೆ ನೀಲಿಯಾಯಿತು.

ಮೊದಲು ಮಾತಾಡಿದ್ದು ಅಮ್ಮ. ಅತ್ತೆಯ ಕಡೆ ತಿರುಗಿ, ಹಾಗಾದರೆ ನಾವಿಬ್ಬರೂ ಅಲ್ಲೇ ಇದ್ದೆವಲ್ಲ ಎಂದಳು. ಅತ್ತೆ ಹೌದೆಂದು, ಹಾಳು ಹೂದಾನಿ ಎಂದರು. ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಹದಿನೈದು ವರ್ಷದ ವ್ಯಾಜ್ಯ ಮುಗಿದಿತ್ತು, ಪೂರ್ತಿ ಖರ್ಚು ನನ್ನ ಮೇಲೆ ಬಿದ್ದಿತ್ತು. ಹೆಂಡತಿ ನಗುತ್ತಿದ್ದಳು. ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು.

"ನೋಡದೇ ಇದ್ದೋಳು ನಾನೊಬ್ಳೇ ಅಂದ್ಕೊಂಡಿದ್ದೆ" ಎಂದಳು. "ಮಗಳು ನಿಮ್ಮ ಕೈ ಹಿಡಿಯೋಕೆ ಬಂದ್ರೆ ನೀವು ಕೈಪಿಡಿ ಹಿಡ್ಕೊಂಡು ನಿಂತಿದ್ರಿ."

ನಾನು ತಲೆ ತಗ್ಗಿಸಿ ರಿಮೋಟು ಹುಡುಕಿದೆ. ತಲೆ ಎತ್ತಿದಾಗ ಮಗಳು ಫೋನನ್ನು ನನ್ನ ಕಡೆ ಹಿಡಿದಿದ್ದಳು. ಅವಳು ಟಿವಿ ನೋಡಿಯೇ ಇರಲಿಲ್ಲವಂತೆ. ಕಾಲುಗಳು ಕಾಣಿಸಿದಾಗಿನಿಂದ ನನ್ನನ್ನೇ ಚಿತ್ರೀಕರಿಸುತ್ತಿದ್ದಳಂತೆ. ನಾನು ಮೂಗು ಒರೆಸಿಕೊಂಡು, ಯಾವ ಫಾರ್ಮ್ಯಾಟಿನಲ್ಲಿ ತೆಗೆದೆ ಎಂದು ಕೇಳಿದೆ.

"ಗೊತ್ತಿಲ್ಲಪ್ಪ" ಎಂದಳು. "ನೀನು ಕಾಣಿಸ್ತಿದೀಯಾ ಅಂತ ಮಾತ್ರ ನೋಡ್ದೆ."