ಐದು ಜನರ ಪ್ಲ್ಯಾನು, ಅತ್ತೆಯ ಒಪ್ಪಿಗೆ

ಕೊಳ್ಳುವ ಮುಂಚೆ ಬಹಳ ಯೋಚಿಸುವವರು ಬುದ್ಧಿವಂತರೆಂದು ನಂಬಿದ್ದೆ. ಅವರು ಬರೀ ಅಂಜುಬುರುಕರು, ನಾನೂ ಅವರಲ್ಲೊಬ್ಬ. ಶಹಾಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ನಾನು, ನನ್ನ ಕೈಕೆಳಗೆ ಕೆಲಸ ಮಾಡುವ ಮಹಾದೇವಿ ಇಬ್ಬರೇ ಕೂತು, ಒಂದೇ ಕಡೆ ದುಡಿಯುವ ಜನ ಕೂಗಾಡದೆ ಕೆಲಸ ಹಂಚಿಕೊಳ್ಳುವಂಥ ಆ್ಯಪ್ ಮಾಡುತ್ತೇವೆ. ಆ ಆ್ಯಪ್ ನಡೆಯಲು ಬೇಕಾದ ಸಾಫ್ಟ್‌ವೇರಿಗೆ ಚಂದಾದಾರರಾಗಬೇಕಿತ್ತು. ಒಬ್ಬರಿಗೆ, ತಂಡಕ್ಕೆ, ದೊಡ್ಡ ಸಂಸ್ಥೆಗೆ ಎಂದು ಮೂರು ಪ್ಲ್ಯಾನು. ಯಾವುದರಲ್ಲಿ ಏನಿದೆ, ಏನಿಲ್ಲ ಎಂದು ಎಂಟು ದಿನ ಓದಿದೆ. ಮಹಾದೇವಿ ಒಂದು ತಿಂಗಳು ಅನ್ನುತ್ತಾಳೆ. ಇರಬಹುದು, ನನ್ನ ನೆನಪು ಯಾವಾಗಲೂ ನನ್ನ ಪರವೇ ವಕಾಲತ್ತು ಮಾಡುತ್ತದೆ.

"ಸರ್, ಹೆಣ್ಣು ನೋಡಾಕ ಹೋದವ್ರೂ ಇಷ್ಟು ಸಲ ನೋಡಂಗಿಲ್ರಿ. ಸುರಪುರದ ಮಿಲ್ಲಿನ ಕೆಲಸ ಕೈತಪ್ಪಿದ್ರ ನಾ ಕಲಬುರ್ಗಿಗಿ ಹೋಗಾಕಿ ನೋಡ್ರಿ," ಎಂದಳು. ಆ ಮಿಲ್ಲು ನಮಗೆ ಸಿಗಬಹುದಾಗಿದ್ದ ಮೊದಲ ಗಿರಾಕಿ; ಕಲಬುರ್ಗಿಯಲ್ಲಿ ಅವಳಿಗೆ ಬೇರೆ ಕೆಲಸ ಕಾದಿತ್ತು. ಅವಳು ಹೋದರೆ ನಮ್ಮ ಕಂಪನಿಯಲ್ಲಿ ಉಳಿಯುವುದು ಯೋಚಿಸುವವನೊಬ್ಬನೇ.

ಗಾಬರಿಯಲ್ಲಿ ತಂಡದ ಪ್ಲ್ಯಾನು ಒತ್ತಿದೆ. ಅದಕ್ಕೆ ಕನಿಷ್ಠ ಐದು ಜನ ಬೇಕಂತೆ. ಹೆಂಡತಿ, ಅವಳ ತಮ್ಮ, ಬೋನಾಳದಲ್ಲಿರುವ ನಮ್ಮ ಅತ್ತೆ, ಹೀಗೆ ಲೆಕ್ಕ ತುಂಬಿಸಿದೆ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ಮೇಲಿರುತ್ತದಲ್ಲ, ಅದೇ ರೂಢಿಯಲ್ಲಿ ಅತ್ತೆಯ ಹೆಸರನ್ನು ಮೊದಲು ಬರೆದೆ. ಮೊದಲ ಹೆಸರಿನವರೇ ಮಾಲೀಕರು ಎಂಬ ಸಾಲೊಂದನ್ನು ಮಾತ್ರ ಓದಿರಲಿಲ್ಲ.

ಇದು ಗೊತ್ತಾದದ್ದು ಸುರಪುರದ ಹತ್ತಿ ಮಿಲ್ಲಿನಲ್ಲಿ, ಆ್ಯಪ್ ತೋರಿಸುವಾಗ. ಮಿಲ್ಲಿನವರ ಫೋನುಗಳನ್ನು ಸೇರಿಸಲು ಹೋದರೆ ತೆರೆಯ ಮೇಲೆ 'ಮಾಲೀಕರ ಒಪ್ಪಿಗೆಗಾಗಿ ಕಾಯಿರಿ' ಎಂದು ಬಂತು. ಕೆಳಗೆ ಅತ್ತೆಯ ಹೆಸರು.

"ಯಾರ್ರಿ ಇವ್ರು, ನಿಮ್ಮ ದೊಡ್ಡ ಸಾಹೇಬ್ರಾ?" ಎಂದರು ಮಿಲ್ಲಿನ ಸಾವ್ಕಾರರು. ಮಹಾದೇವಿ ಗೋಡೆ ನೋಡಿದಳು. ನಾನು ಫೋನ್ ಹಚ್ಚಿದೆ. ಸ್ಪೀಕರ್ ಒತ್ತಿದ್ದು ನಾನೋ, ಬೆವತ ಬೆರಳೋ, ಈಗ ಹೇಳಲಾರೆ.

"ಅತ್ತಿ, ನಿಮ್ಮ ಫೋನಿನಾಗ ಒಪ್ಪಿಗಿ ಅಂತ ಬಂದದಲ್ರಿ, ಒತ್ತಿಬಿಡ್ರಿ."

"ಬಂದದ ಬಂದದ. ನನ್ನ ಧಾರಾವಾಹಿ ಮ್ಯಾಲೆ ಕುಂತದ. ಏನದು, ಮೊದಲ ಹೇಳ್ರಿ ಅಳಿಯಾರ. ತಿಳೀಲಾರದ್ದಕ್ಕ ನಾ ಒಪ್ಪಾಕಿ ಅಲ್ಲ."

ಸಾವ್ಕಾರರು ಕುರ್ಚಿ ಮುಂದೆಳೆದುಕೊಂಡರು. ಅವರಿಗೆಂದು ಬಾಯಿಪಾಠ ಮಾಡಿದ್ದೆಲ್ಲ ಬಿಟ್ಟು ಅತ್ತೆಗೆ ತಿಳಿಯುವಂತೆ ಹೇಳಿದೆ: ಹತ್ತಿ ಗಾಡಿ ಬಂದಿದ್ದು ಗೇಟಿನವನು ಒತ್ತಿದರೆ ತೂಕದವನಿಗೆ ಕಾಣುತ್ತದೆ, ತೂಕ ಮುಗಿದದ್ದು ಒಳಗಿನವರಿಗೆ ಕಾಣುತ್ತದೆ.

"ಹೊರಗ ಬಿಸಲಾಗ ಗಾಡಿ ನಿಲ್ಲಿಸಿಕೊಂಡು ನಿಂತಾನಲ್ರಿ ರೈತ, ಅವ್ನ ಪಾಳಿ ಯಾವಾಗ ಅಂತ ಅವ್ನಿಗಿ ಕಾಣಸ್ತದೇನು?"

"ಅವಗ... ಇಲ್ರಿ."

"ಹಂಗಾರ ನಾ ಒತ್ತಂಗಿಲ್ಲ."

ಫೋನ್ ಕಟ್ಟಾಯಿತು. ಕಲಬುರ್ಗಿಯ ಬಸ್ಸಿನ ಹಾರ್ನು ನನಗೆ ಕೇಳಿಸಿತು. ಸಾವ್ಕಾರರು ಕಿಟಕಿಯಾಚೆ ಸಾಲುಗಟ್ಟಿದ ಗಾಡಿಗಳನ್ನು ನೋಡಿ, "ನಂಗ ದಿನಾ ಅವ್ರ ಜೋಡಿನೇ ಜಗಳಾರಿ. ಅಕ್ಕಾರು ಹೇಳಿದ್ದು ಸೇರಿಸಿಕೊಂಡ ಬರ್ರಿ, ಕೆಲಸ ನಿಮ್ದ," ಎಂದರು.

ರೈತರ ಪಾಳಿ ಸೇರಿಸಿದ ಮೇಲೆ ಅತ್ತೆ ಒಪ್ಪಿಗೆ ಒತ್ತಿದರು, ಮಹಾದೇವಿ ಕಲಬುರ್ಗಿಗೆ ಹೋಗಲಿಲ್ಲ. ಏನಾದರೂ ತಿಳಿಯದಿದ್ದರೆ ಈಗ ನನ್ನನ್ನು ದಾಟಿ ನೇರವಾಗಿ ಬೋನಾಳಕ್ಕೆ ಫೋನ್ ಮಾಡುತ್ತಾಳೆ. ಕಳೆದ ವಾರ ಧೈರ್ಯ ಮಾಡಿ, ಮಾಲೀಕತ್ವವನ್ನು ನನ್ನ ಹೆಸರಿಗೆ ಬದಲಿಸಲು ಒತ್ತಿದೆ. ಅದಕ್ಕೂ ಮಾಲೀಕರ ಒಪ್ಪಿಗೆ ಬೇಕಂತೆ. ಅತ್ತೆ ಒಂದೇ ಮಾತು ಕೇಳಿದರು: "ಯಾಕ್ರಿ, ಅಳಿಯಾರ?"

ಉತ್ತರ ಯೋಚಿಸುತ್ತಿದ್ದೇನೆ. ಎಂಟು ದಿನವಾಯಿತು.